ಎರಡೂವರೆ ತಾಸಿನ ದಾರಿ

ಇಷ್ಟು ವರ್ಷ ನನ್ನ ಅಂಗೈಯಲ್ಲಿ ನೆಲೆಸಿ, ಈ ಮುದಿ ಕೈ ನಡುಗದಂತೆ ಕಾದ ಲಿಂಗದೇವನಿಗೆ ಶರಣು. ಮರಳಿನ ಮೇಲೆ ಬೆರಳು ಹಿಡಿದು ಅಕ್ಷರ ತಿದ್ದಿಸಿದ ಗುರುವಿಗೆ ಶರಣು. ನಮ್ಮ ಮನೆತನದ ಸುಖವನ್ನೂ ಅಳಲನ್ನೂ ತಲೆಮಾರುಗಳಿಂದ ಕೇಳುತ್ತ ಬಂದ ಝರಾಸಂಗಮದ ಸಂಗಮೇಶ್ವರನಿಗೆ ಶರಣು. ನಾನು ಬರೆಯಹೊರಟಿರುವುದು ದುಃಖದ ಸಂಗತಿ. ಆದರೆ ಆ ದುಃಖದ ದಿನಗಳಲ್ಲಿ ನಮ್ಮವರಲ್ಲದ ಕೆಲವರು ನಮ್ಮವರಾಗಿ ನಿಂತರು. ಅವರ ಉಪಕಾರವನ್ನು ನೆನೆಯದೆ ಮೊದಲ ಸಾಲು ಬರೆಯಲು ಮನಸ್ಸು ಒಪ್ಪಲಿಲ್ಲ.

ನನ್ನ ಒಬ್ಬಳೇ ತಂಗಿಯನ್ನು ಕಂಗ್ಟಿಗೆ ಕೊಟ್ಟಿದ್ದೆವು. ಜೋಳ, ತೊಗರಿ ಬೆಳೆಯುವ ಮನೆ. ಅವಳ ಗಂಡ ನಡುವಯಸ್ಸಿನಲ್ಲೇ ಲಿಂಗೈಕ್ಯನಾದ. ಒಬ್ಬ ಮಗಳು, ಒಬ್ಬ ಮಗ. ನಾನು ನಾರಾಯಣಖೇಡದಲ್ಲಿ ಇದ್ದೆ. ಮಠದ ಪಾಠಶಾಲೆಯಲ್ಲಿ ಕಲಿತು, ಸರಕಾರಿ ಶಾಲೆಯಲ್ಲಿ ಪಂಡಿತನಾಗಿ ಸೇರಿದ್ದೆ. ನಮ್ಮ ತಾಲ್ಲೂಕು ಬೀದರದಿಂದ ಬೇರೆಯಾಗಿ ತೆಲುಗು ರಾಜ್ಯಕ್ಕೆ ಸೇರಿದ ಮೇಲೆ ನನ್ನ ಕನ್ನಡ ತರಗತಿಯ ಬೆಂಚುಗಳು ವರ್ಷದಿಂದ ವರ್ಷಕ್ಕೆ ಖಾಲಿಯಾಗುತ್ತ ಬಂದವು. ಉಳಿದ ಹೊತ್ತಿನಲ್ಲಿ ಕಂಗ್ಟಿಗೆ ಹೋಗಿ ತಂಗಿಯ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದೆ.

ಮಗಳನ್ನು ತಾಂಡೂರಿಗೆ ಕೊಟ್ಟಳು. ಬೀಗರು ನೆಲಕ್ಕೆ ಹಾಸುವ ಕಲ್ಲಿನ ವ್ಯಾಪಾರಸ್ಥರು, ಲಿಂಗಪೂಜೆಯಿಲ್ಲದೆ ನೀರು ಮುಟ್ಟದ ಜನ. ಅಳಿಯ ನೂಲಿನ ಯಂತ್ರಗಳ ವಿದ್ಯೆ ಕಲಿತವನು. ಮದುವೆಯಾದ ಮೂರನೆಯ ವರ್ಷ ಅವನಿಗೆ ಬ್ಯಾಂಕಾಕಿನ ಒಂದು ಗಿರಣಿಯಲ್ಲಿ ಕೆಲಸ ಸಿಕ್ಕಿತು. ಹೆಂಡತಿಯನ್ನೂ ಕರೆದುಕೊಂಡು ಹೋದ. ತಂಗಿಯ ಮಗ ಹೈದರಾಬಾದಿನಲ್ಲಿ ಫಿಟ್ಟರ್ ಕೆಲಸ ಕಲಿತು, ಮುಂಬಯಿಯಲ್ಲಿ ಕೆಲವು ಕಾಲ ಇದ್ದು, ಸಿಂಗಾಪುರದ ಹಡಗು ಕಟ್ಟುವ ಅಂಗಳವೊಂದಕ್ಕೆ ಹೋದ. ಹೀಗೆ ಕಂಗ್ಟಿಯ ಒಂದೇ ಒಲೆಯ ಮುಂದೆ ಬೆಳೆದ ಅಕ್ಕ ತಮ್ಮಂದಿರು ಸಮುದ್ರದಾಚೆಯ ಎರಡು ಊರುಗಳಲ್ಲಿ ಕುಳಿತರು.

ನಮ್ಮ ಕಡೆಯ ಒಂದು ನಡೆಯನ್ನು ಇಲ್ಲಿ ಹೇಳಬೇಕು. ಆಷಾಢ ಕಳೆದು ಶ್ರಾವಣ ಹುಟ್ಟಿದ ಐದನೆಯ ದಿನ ಪಂಚಮಿ. ಅದು ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಅವರನ್ನು ತವರಿಗೆ ಕರೆತರಬೇಕು. ಕರೆತರಲು ಆಗದಿದ್ದರೆ ಸೀರೆ, ಎಳ್ಳುಂಡೆ, ಜೋಳದ ಅರಳು ಕಟ್ಟಿಕೊಂಡು ತಾನೇ ಅಲ್ಲಿಗೆ ಹೋಗಬೇಕು. ತವರಿನ ಸೀರೆಗೆ ಇನ್ನೊಂದು ಹೊತ್ತೂ ಇದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮುತ್ತೈದೆ ತೀರಿಕೊಂಡರೆ ತವರಿನವರು ಬಂದು ಮುಖ ನೋಡಿ, ತಾವು ತಂದ ಸೀರೆಯನ್ನು ಹೊದಿಸಿ, ‘ಎತ್ತಿರಿ’ ಎನ್ನಬೇಕು. ಆ ಮಾತು ಬರುವವರೆಗೆ ಗಂಡನ ಮನೆಯವರು ಹೆಣವನ್ನು ಮುಟ್ಟದೆ ಕಾಯುತ್ತಾರೆ.

ಮಗಳ ಮದುವೆಯಾದ ಮೊದಲ ಪಂಚಮಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಹಾಕಿತ್ತು. ಅವಳು ಜೀಕುತ್ತ ಮೇಲಿಂದಲೇ ನನ್ನನ್ನು ಕೂಗಿದ್ದಳು: “ಮಾಮಾ, ನೀವೂ ಒಂದ್ ಸಲ ಜೀಕ್ರಿ! ಪಂಚಾಂಗದಾಗ ಪಂಡಿತರಿಗಿ ಬ್ಯಾಡಂತ ಬರದಿಲ್ಲ ಅಲ್ರಿ?”

“ಹಗ್ಗಕ್ಕ ಬ್ಯಾಡಂತ ಅದ ನೋಡವ್ವಾ,” ಎಂದಿದ್ದೆ. ಆಗ ನಾನು ಸ್ವಲ್ಪ ಸ್ಥೂಲಕಾಯನಾಗಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆಯಲ್ಲಿ ಮಗ ಸಿಂಗಾಪುರದಿಂದ ಮೊದಲ ಸಲ ರಜೆಗೆ ಬಂದ. ಹೊರಡುವ ಮುನ್ನ ತಂಗಿ ತಾಂಡೂರಿನ ಪೇಟೆಯಿಂದ ತರಿಸಿದ್ದ ಒಂದು ನಾರಾಯಣಪೇಟೆ ಸೀರೆಯನ್ನು ಅವನ ಮುಂದಿಟ್ಟಳು. ಹಸಿರು ಒಡಲು, ಕುಂಕುಮದ ಬಣ್ಣದ ಅಂಚು. ಮಡಿಕೆಯೊಳಗೆ ಅರಿಸಿನದ ಕೊಂಬು ಇಟ್ಟಿದ್ದಳು. ಅಕ್ಕನಿಗೆ ಈ ವರ್ಷದ ಪಂಚಮಿಯ ಸೀರೆ ಇದು, ನೀನೇ ಒಯ್ದು ಕೊಡಬೇಕು ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಣ್ಣಾ, ಇಬ್ಬರ ಊರಿನ ನಡುವ ಎಷ್ಟ ದೂರ ಅದ, ಅಳದು ಹೇಳು.”

ಶಾಲೆಯಿಂದ ತಂದಿದ್ದ ತೆಲುಗು ಅಕ್ಷರದ ಭೂಪಟವನ್ನು ನೆಲದ ಮೇಲೆ ಹಾಸಿದೆ. ಹೂ ಕಟ್ಟುವ ದಾರವನ್ನು ಸಿಂಗಾಪುರದ ಚುಕ್ಕೆಯಿಂದ ಬ್ಯಾಂಕಾಕಿನ ಚುಕ್ಕೆಯವರೆಗೆ ಎಳೆದು, ಕೆಳಗಿದ್ದ ಅಳತೆಗೆ ಹಿಡಿದು ನೋಡಿದೆ. “ವಿಮಾನದ ದಾರಿ ಹದಿನಾಲ್ಕು ನೂರು ಕಿಲೋಮೀಟರ್ ಆಸುಪಾಸು ಆಗ್ತದ. ಹೈದರಾಬಾದಿನಿಂದ ದಿಲ್ಲಿಗಿಂತಾ ತುಸು ಹೆಚ್ಚು.”

“ಅಯ್ ಶಿವನೇ! ಅಷ್ಟ ದೂರಾ?”

ಮಗ ನಕ್ಕ. “ಯವ್ವಾ, ದೂರ ಕೇಳಬ್ಯಾಡ, ತಾಸು ಕೇಳು. ವಿಮಾನ ಎರಡೂವರಿ ತಾಸಿನಾಗ ಒಯ್ದು ಇಳಸ್ತದ. ನಿನ್ನ ಕಂಗ್ಟಿ ಬಸ್ಸು ಅಷ್ಟರಾಗ ಜಹೀರಾಬಾದೂ ಮುಟ್ಟೂದಿಲ್ಲ.”

“ನಮ್ಮ ಬಸ್ಸಿಗಿ ಯಾಕ ಬೈತಿ? ಅದು ಕೋಳಿ, ಮರಿ, ಮಂದಿ ಎಲ್ಲಾ ತುಂಬ್ಕೊಂಡು ಬರ್ತದ. ನಿನ್ನ ವಿಮಾನದಾಗ ಕೋಳಿ ಹತ್ತಸ್ತಾರೇನು?”

“ಇನ್ನೊಂದು ಕೇಳು. ಅಕ್ಕನ ಊರಾಗ ಗಡಿಯಾರ ನಮ್ಮ ಸಿಂಗಾಪುರಕ್ಕಿಂತಾ ಅರ್ಧ ತಾಸು ಹಿಂದ ಅದ. ನಾ ಹತ್ತಕ್ಕ ಹತ್ತಿದ್ರ, ಹನ್ನೆರಡೂವರಿ ಬದ್ಲಿ ಅಲ್ಲಿ ಹನ್ನೆರಡೇ ಆಗಿರ್ತದ.”

“ಹಂಗಂದ್ರ ಅರ್ಧ ತಾಸು ಪುಕ್ಕಟ ಆತು ಅನ್ನು,” ಎಂದು ತಂಗಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಆಮೇಲೆ ನಾನು ಕಾಣಲಿಲ್ಲ.

ಅಂದಿನಿಂದ ಆ ಎರಡೂವರೆ ತಾಸು ಅವಳ ಪಾಲಿಗೆ ಜಪವಾಯಿತು. ಮಗಳು ದೂರದ ದೇಶದಲ್ಲಿದ್ದಾಳೆಂದು ಯಾರಾದರೂ ಮರುಗಿದರೆ, “ದೂರ ಎಲ್ಲಿ? ತಮ್ಮ ಬಾಜೂಕೇ ಇದ್ದಾನ, ಎರಡೂವರಿ ತಾಸು,” ಎನ್ನುತ್ತಿದ್ದಳು. ಭಾವಿಕಟ್ಟೆಯಲ್ಲೂ ಸಂತೆಯಲ್ಲೂ ಅದೇ ಮಾತು. ಕಂಗ್ಟಿಯಿಂದ ತಾಂಡೂರಿಗೆ ಹೋಗಬೇಕಾದರೆ ನಾವು ನಸುಕಿನಲ್ಲಿ ಹೊರಟು, ನಾರಾಯಣಖೇಡದಲ್ಲಿ ಬಸ್ಸು ಬದಲಿಸಿ, ಜಹೀರಾಬಾದಿನಲ್ಲಿ ರೈಲು ಹಿಡಿದು, ವಿಕಾರಾಬಾದಿನಲ್ಲಿ ಇನ್ನೊಂದು ರೈಲಿಗೆ ಕಾದು, ದೀಪ ಹಚ್ಚುವ ಹೊತ್ತಿಗೆ ಮುಟ್ಟುತ್ತಿದ್ದೆವು. ಭೂಪಟದಲ್ಲಿ ಆ ದಾರಿ ಎಳ್ಳುಕಾಳಿನಷ್ಟೂ ಇರಲಿಲ್ಲ. ಮಗಳು ತಾಂಡೂರಿನಲ್ಲಿದ್ದುದಕ್ಕಿಂತ ಈಗಲೇ ಹತ್ತಿರವಾದಳೆಂದು ತಂಗಿ ನಿಜವಾಗಿ ನಂಬಿದ್ದಳು.

ಆಷಾಢ ಹಿಡಿದ ಹೊಸದರಲ್ಲಿ ಮಗನ ಪತ್ರ ಬಂತು. ಈಗ ನಾಲ್ಕು ದಿನ ರಜೆ ಸಿಗುವಂತಿದೆ, ಅಕ್ಕನಲ್ಲಿಗೆ ಹೋಗಿ ಬರಲೋ ಅಥವಾ ಪಂಚಮಿಗೇ ಹೋಗಲೋ ಎಂದು ಕೇಳಿದ್ದ. ತಂಗಿ ಕ್ಷಣವೂ ಯೋಚಿಸಲಿಲ್ಲ. “ಆಷಾಢದಾಗ ತವರಿನ ಸೀರಿ ಯಾರು ಕೊಡ್ತಾರ? ಪಂಚಮಿಗೇ ಹೋಗಂತ ಬರಿ ಅಣ್ಣಾ. ಎರಡೂವರಿ ತಾಸಿನ ದಾರಿ, ಯಾವಾಗ ಬೇಕಾದ್ರೂ ಹೋಗಬಹುದು.” ನಾನು ಪಂಚಾಂಗ ತೆರೆದು ಪಂಚಮಿಯ ದಿನವನ್ನು ಗುರುತಿಸಿ ಹಾಗೆಯೇ ಬರೆದೆ. ಬೇರೆ ವಿಚಾರ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಊರು ನಿಜವಾಗಿ ದೂರವಾಗಿದ್ದರೆ, ಸಿಕ್ಕ ರಜೆಯಲ್ಲಿ ಹೋಗಿ ಬಾ ಎನ್ನುತ್ತಿದ್ದಳೋ ಏನೋ. ಹತ್ತಿರವೆಂಬ ಧೈರ್ಯವೇ ತಮ್ಮನನ್ನು ತಡೆದು ನಿಲ್ಲಿಸಿತು.

ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ನಾನು ಕಂಗ್ಟಿಯಲ್ಲೇ ಇದ್ದೆ. ತಂತಿ ಬಂತು. ಅಳಿಯ ಕಳಿಸಿದ್ದು. ಹೆಂಡತಿ ಜ್ವರದಲ್ಲಿ ತೀರಿಕೊಂಡಳು, ತಮ್ಮನಿಗೆ ತಿಳಿಸಿದೆ, ಅವನ ದಾರಿ ಕಾಯುತ್ತಿದ್ದೇನೆ, ಇಷ್ಟೇ. ನಾನು ಓದಿ ಮುಗಿಸುವ ಮೊದಲೇ ತಂಗಿ ನನ್ನ ಮುಖ ನೋಡಿ ತಿಳಿದುಕೊಂಡಳು. ಅವಳು ಕೂಗಿಕೊಂಡದ್ದನ್ನು ಬರೆಯಲಾರೆ. ಓಣಿಯ ಹೆಂಗಸರು ಬಂದು ಹಿಡಿದುಕೊಂಡರು. ಬಹಳ ಹೊತ್ತಿನ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು: “ಸೀರಿ ಅವನ ಹತ್ತರ ಅದ. ಅವ ಮುಟ್ಟೂತನಕ ಎತ್ತಬ್ಯಾಡ ಅಂತ ಹೇಳ್ರಿ.”

ಆ ಮಾತನ್ನು ಅವಳ ಬಾಯಿಂದಲೇ ಬ್ಯಾಂಕಾಕಿಗೆ ಮುಟ್ಟಿಸಲು ಇದ್ದದ್ದು ಜಹೀರಾಬಾದಿನ ಟೆಲಿಫೋನ್ ಕಚೇರಿಯೊಂದೇ. ಅಳಿಯನ ಗಿರಣಿಯ ಫೋನ್ ಸಂಖ್ಯೆ ನಮ್ಮಲ್ಲಿತ್ತು. ಮರುದಿನ ಮೊದಲ ಬಸ್ಸಿಗೆ ಹೊರಟೆವು. ತಂಗಿ ಲಿಂಗಪೂಜೆ ಮುಗಿಸಿ ಬಂದಿದ್ದಳು. ಪ್ರಸಾದ ಮಾತ್ರ ಮುಟ್ಟಿರಲಿಲ್ಲ. ನಾರಾಯಣಖೇಡದಲ್ಲಿ ಬಸ್ಸು ಬದಲಿಸಿದೆವು. ಆಮೇಲೆ ತನ್ನಷ್ಟಕ್ಕೆ ಲೆಕ್ಕ ಹಾಕತೊಡಗಿದಳು.

“ನಿನ್ನೆ ಅವನಿಗಿ ಖಬರ್ ಹೋಗ್ಯದ. ಇವತ್ತ ಮುಂಜಾನೆ ವಿಮಾನ ಹತ್ತಿರಬೇಕು, ಅಲ್ಲಣ್ಣಾ?”

“ಹತ್ತಿರಬಹುದು.”

ರಾಯಿಕೋಡ್ ದಾಟಿದ ಮೇಲೆ ಹಳ್ಳ ತುಂಬಿ ದಾರಿಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಬಸ್ಸು ನಿಂತಿತು. ಗಂಡಸರು ಕೆಳಗಿಳಿದು ಬೀಡಿ ಹಚ್ಚಿದರು. ತಂಗಿ ಕಿಟಕಿಯಿಂದ ಚಾಲಕನನ್ನು ಕೂಗಿದಳು. “ಯಪ್ಪಾ, ಸಾವಿನ ಕೆಲಸ ಅದ. ಮೆಲ್ಲಕ ದಾಟಸಲ್ಲ?”

“ಅಮ್ಮಾ, ನೀರು ಇಳೀಲಿ. ಇದು ಬಸ್ಸು, ದೋಣಿ ಅಲ್ಲ,” ಎಂದ ಅವನು. ಯಾರ ಸಾವೆಂದು ನಾನು ಹೇಳಿದ ಮೇಲೆ ಅವನ ಮುಖ ಬದಲಾಯಿತು. ಕೋಲು ಹಿಡಿದು ತಾನೇ ನೀರಿಗಿಳಿದ. ಮೊಣಕಾಲು ಮುಳುಗಿದಾಗ ಹಿಂದಕ್ಕೆ ಬಂದು ತಲೆಯಲ್ಲಾಡಿಸಿದ. ಪಕ್ಕದಲ್ಲಿ ಕುಳಿತಿದ್ದ ಹೆಂಗಸೊಬ್ಬಳು ಬುಟ್ಟಿಯಿಂದ ರೊಟ್ಟಿ ತೆಗೆದು ಮುಂದೆ ಹಿಡಿದಳು. ತಂಗಿ ಅದನ್ನು ಕೈಯಲ್ಲಿ ತೆಗೆದುಕೊಂಡಳು, ತಿನ್ನಲಿಲ್ಲ.

“ಈಗ ವಿಮಾನ ಮ್ಯಾಲ ಹೋಗಿರಬೇಕು,” ಎಂದಳು. ಹಳ್ಳದಲ್ಲಿ ಜಾಲಿಯ ಟೊಂಗೆಯೊಂದು ತಿರುಗುತ್ತ ಹೋಯಿತು. ಸ್ವಲ್ಪ ಹೊತ್ತು ಬಿಟ್ಟು, “ಅರ್ಧ ದಾರಿ ಆಗಿರಬೇಕು.” ಇನ್ನೂ ಸ್ವಲ್ಪ ಹೊತ್ತು ಬಿಟ್ಟು, “ಈಗ ಇಳದಿರಬೇಕು. ಅಕ್ಕನ ಮುಖ ನೋಡಿರಬೇಕು.” ನಾವು ಆ ಹಳ್ಳದ ದಂಡೆಯಲ್ಲಿ ಕುಳಿತಿದ್ದಂತೆಯೇ ಅವಳ ಮನಸ್ಸಿನೊಳಗೆ ಮಗ ಸಮುದ್ರ ದಾಟಿ, ಸೀರೆ ಹೊದಿಸಿ, ಎಲ್ಲವನ್ನೂ ಸಾಂಗವಾಗಿ ಮುಗಿಸಿದ್ದ. ಮನುಷ್ಯ ವಿಮಾನ ಹತ್ತುವ ಮೊದಲು ಇನ್ನೂ ಏನೇನು ದಾಟಬೇಕೆಂಬುದು ನನಗೂ ತಿಳಿದಿರಲಿಲ್ಲ. ತಿಳಿದಿದ್ದರೂ ಆಗ ಹೇಳುವ ಧೈರ್ಯ ಬರುತ್ತಿರಲಿಲ್ಲ.

ಜಹೀರಾಬಾದ್ ಮುಟ್ಟಿದಾಗ ಹೊತ್ತು ಮಧ್ಯಾಹ್ನ ದಾಟಿತ್ತು. ಬೀಗರಿಗೂ ತಂತಿ ಹೋಗಿತ್ತು. ಅವರು ತಾಂಡೂರಿನಿಂದ ರೈಲಿಗೆ ಬಂದು, ನಾವು ಫೋನಿಗೆ ಇಲ್ಲಿಗೇ ಬರುವೆವೆಂದು ಊಹಿಸಿ, ಕಚೇರಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ತಂಗಿಯನ್ನು ಕಂಡು ಎದ್ದು ನಿಂತರು, ಕೈ ಮುಗಿದರು. ಕರೆಯನ್ನು ಅವರು ಮೊದಲೇ ಕಾಯ್ದಿರಿಸಿದ್ದರು. ಒಳಗೆ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕುಳಿತವರು ಒಬ್ಬ ಮುಸಲ್ಮಾನ ಗುಮಾಸ್ತರು, ನರೆತ ಗಡ್ಡದವರು.

“ಅಮ್ಮಾ, ಹೈದರಾಬಾದ್ ಸಿಕ್ಕದ, ಬಂಬಯಿ ಸಿಗವಲ್ದು. ಬಂಬಯಿ ಸಿಕ್ಕ ಮ್ಯಾಲ ಸಮುದ್ರದ ಆಚಿ ಮಾತು. ಕೂಡ್ರಿ, ನಾ ಬಿಡೂದಿಲ್ಲ.”

“ಮಾತಿಗಿ ವಿಮಾನಕ್ಕಿಂತಾ ಹೆಚ್ಚು ಹೊತ್ತು ಬೇಕೇನ್ರಿ?” ಎಂದು ತಂಗಿ ಕೇಳಿದಳು.

ಅವರು ಮತ್ತೆ ಬಂಬಯಿಯನ್ನು ಕೂಗಿದರು. ಅವರ ಪಾಳಿ ಮುಗಿದು ಇನ್ನೊಬ್ಬರು ಬಂದು ನಿಂತರೂ ಕುರ್ಚಿ ಬಿಡಲಿಲ್ಲ. ಹೊರಗಿನಿಂದ ಚಹಾ ತರಿಸಿ ನಮ್ಮ ಮುಂದೆ ಇಟ್ಟರು. ಸಂಜೆಗೆ ಮುಂಚೆ ಅವರು ಒಮ್ಮೆಲೇ ಕೈ ಎತ್ತಿದರು. ಬೀಗರು ಮೊದಲು ಫೋನ್ ಹಿಡಿದು, “ಮಗನೇ, ತವರಿನವರ ಮಾತಿಲ್ದ ಎತ್ತಬ್ಯಾಡ. ಅತ್ತಿ ಇಲ್ಲೇ ಬಂದಾರ,” ಎಂದು ತಂಗಿಯ ಕಿವಿಗೆ ಕೊಟ್ಟರು. ಫೋನಿಗಾಗಿ ಗಿರಣಿಯಲ್ಲೇ ಕಾದಿದ್ದ ಅಳಿಯ ಎಷ್ಟು ಕೂಗಿ ಮಾತಾಡುತ್ತಿದ್ದನೆಂದರೆ ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು.

“ಅತ್ತೀ, ಅವ ಇನ್ನಾ ಬಂದಿಲ್ರಿ! ಈ ದೇಶಕ್ಕ ಬರಾಕ ಪಾಸ್‌ಪೋರ್ಟಿನ ಮ್ಯಾಲ ಇವರ ಕಚೇರಿ ಶಿಕ್ಕಾ ಬೇಕು. ಇಲ್ಲಿ ಮಂದಿಗಿ ಆಷಾಢದ ಹುಣ್ಣಿಮಿ ಎರಡ ದಿನದ ದೊಡ್ಡ ಹಬ್ಬ ಅದ. ಸಿಂಗಾಪುರದಾಗಿನ ಇವರ ಕಚೇರೀನೂ ಬಂದ್. ನಾಡದು ತೆರೀತಾರಂತ.”

“ಎರಡೂವರಿ ತಾಸಲ್ಲೇನಪ್ಪಾ?” ಎಂದಳು ತಂಗಿ. ಆಚೆ ಅವನ ಧ್ವನಿ ಒಡೆಯಿತು. ಆಸ್ಪತ್ರೆಯವರು ಇನ್ನು ಇಟ್ಟುಕೊಳ್ಳುವುದಿಲ್ಲ. ಇಲ್ಲಿಯವರು ಸುಡುತ್ತಾರೆ, ನಮ್ಮಂತೆ ಕೂಡಿಸಿ ಮಣ್ಣು ಕೊಡಲು ಒಂದು ಜಾಗ ಬೇಡಿ ಪಡೆದಿದ್ದೇನೆ, ಅದೂ ಇಂದು ಕತ್ತಲಾಗುವುದರೊಳಗೆ ಮಾತ್ರ. ಅವಳ ಲಿಂಗ ಅವಳ ಕೈಯಲ್ಲೇ ಇದೆ. ಸೀರೆಯೊಂದಿಲ್ಲ. ಏನು ಮಾಡಲಿ?

ತಂಗಿ ಗೋಡೆಗೆ ಒರಗಿದಳು. ಬೀಗರು ತಲೆ ತಗ್ಗಿಸಿದರು. ಬೇಡವೆನ್ನುವ ಅಧಿಕಾರ ಅವಳದಿತ್ತು, ಆ ಮಾತಿಗಾಗಿಯೇ ಅಷ್ಟು ದೂರ ಬಂದಿದ್ದೆವು.

“ನಿನ್ನ ಹತ್ತರ ಹೆಣ್ಮಕ್ಕಳು ಯಾರಿದ್ದಾರ?” ಎಂದು ಕೇಳಿದಳು.

“ಬಾಜೂ ಮನಿ ಹೆಣ್ಮಗಳು ನನ್ನ ಕೂಡ ಇಲ್ಲೇ ಗಿರಣಿಗಿ ಬಂದಾಳ್ರಿ. ಇಲ್ಲಿಯಾಕಿ. ನಮ್ಮ ಮಾತು ಬರೂದಿಲ್ಲ. ಜ್ವರ ಬಂದಾಗಿಂದ ಆಕೀನೇ ಗಂಜಿ ಕುಡಿಸಿ ನೋಡ್ಕೊಂಡಾಳ. ಹೊಸಾ ಅರಿಬಿ ತಂದು, ಎದಿಗಿ ಹಿಡ್ಕೊಂಡು ನಿಂತಾಳ.”

“ಆಕಿ ಅಳಾಕತ್ಯಾಳೇನು?”

“ಹೂನ್ರಿ ಅತ್ತೀ.”

ತಂಗಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಗುಮಾಸ್ತರು ಗಡಿಯಾರ ನೋಡಲಿಲ್ಲ, ಅವಸರ ಮಾಡಲಿಲ್ಲ. ಕೊನೆಗೆ ಅವಳು, ಪಕ್ಕದಲ್ಲೇ ಕುಳಿತವರಿಗೆ ಹೇಳುವಷ್ಟು ಮೆಲ್ಲಗೆ, “ಆಕಿ ಕೈಲಿಂದ ಹೊದಸು. ಇವತ್ತ ಆಕೀನೇ ತವರು,” ಎಂದಳು. ಆಚೆಯವನಿಗೆ ಕೇಳಿಸಿರಲಾರದು. ನಾನು ಫೋನ್ ತೆಗೆದುಕೊಂಡು ಅದೇ ಮಾತನ್ನು ಗಟ್ಟಿಯಾಗಿ ಹೇಳಿದೆ. “ಮತ್ತ ಎತ್ತಲೇನ್ರಿ ಮಾಮಾ?” ಎಂದ. ತಂಗಿಯ ಮುಖ ನೋಡಿದೆ. ಅವಳು ಕಣ್ಣು ಮುಚ್ಚಿ ಕೈಯಿಂದ ಸನ್ನೆ ಮಾಡಿದಳು. “ಎತ್ತಪ್ಪಾ,” ಎಂದೆ.

ಮಗ ಬ್ಯಾಂಕಾಕ್ ಮುಟ್ಟಿದ್ದು ಅದಾದ ಮೂರನೆಯ ದಿನ. ಸೀರೆ ಅವನ ಚೀಲದಲ್ಲಿತ್ತು. ಮಣ್ಣು ಆಗಲೇ ಮಳೆಗೆ ಕುಸಿದು ಗಟ್ಟಿಯಾಗಿತ್ತಂತೆ.

ಆ ವರ್ಷದ ಪಂಚಮಿಗೆ ತಂಗಿ ಎಳ್ಳು ಹುರಿಯಲಿಲ್ಲ. ಓಣಿಯ ಹುಡುಗಿಯರು ಜೋಕಾಲಿಗೆಂದು ಬೇವಿನ ಮರ ಕೇಳಲು ಬಂದಾಗ ಇಲ್ಲವೆನ್ನಲಿಲ್ಲ. ತಾನು ಮಾತ್ರ ಹಿತ್ತಲ ಬಾಗಿಲು ಹಾಕಿಕೊಂಡು ಒಳಗೆ ಕುಳಿತಳು. ಅವರ ಕೂಗು ಬಾಗಿಲ ಸಂದಿನಿಂದ ಬರುತ್ತಲೇ ಇತ್ತು.

ಮುಂದಿನ ಚಳಿಗಾಲದಲ್ಲಿ ಮಗ ಬಂದ. ಪೆಟ್ಟಿಗೆ ತೆರೆದು ಹಸಿರು ಸೀರೆಯನ್ನು ತಾಯಿಯ ಮುಂದೆ ಇಟ್ಟ. ಮಡಿಕೆ ಬಿಚ್ಚಿರಲಿಲ್ಲ. ಅರಿಸಿನದ ಕೊಂಬು ಹುಳ ಹಿಡಿದು ಪುಡಿಯಾಗಿತ್ತು.

“ಇದನ್ಯಾಕ ತಿರುಗಿ ತಂದಿ?”

“ಮತ್ತೇನು ಮಾಡ್ಲಿ ಯವ್ವಾ? ಮಣ್ಣಿನ ಮ್ಯಾಲ ಹೊದಸಾಕ ಕೈ ಏಳಲಿಲ್ಲ.”

ತಂಗಿ ಸೀರೆಯನ್ನು ಮುಟ್ಟಲಿಲ್ಲ. “ಮಗಳಿಗಂತ ಹೊಚ್ಚಲ ದಾಟಿದ್ದು ತಿರುಗಿ ಪೆಟ್ಟಿಗಿ ಸೇರೂದಿಲ್ಲ. ಒಯ್ದು ಆ ಹೆಣ್ಮಗಳಿಗಿ ಕೊಡು.”

“ಆತು. ಪಂಚಮಿಗಿ ಹೋಗಿ ಕೊಟ್ಟು ಬರ್ತೀನಿ.”

“ಪಂಚಮಿ ಗಿಂಚಮಿ ಏನೂ ಬ್ಯಾಡ,” ಎಂದಳು. ಧ್ವನಿ ಏರಲಿಲ್ಲ. “ತಿಥಿ ನೋಡಬ್ಯಾಡ, ವಾರ ನೋಡಬ್ಯಾಡ. ಮಾಮಾನ ಪಂಚಾಂಗಾನೂ ಕೇಳಬ್ಯಾಡ. ಶಿಕ್ಕಾ ಸಿಕ್ಕ ದಿನಾನೇ ಹೋಗಿ ಕೊಡು.”

ಅವನು ಹಾಗೆಯೇ ಮಾಡಿದ. ಯಾವ ಶುಭಕಾರ್ಯವನ್ನೂ ಮಾಡದ ಶೂನ್ಯಮಾಸದ ನಡುವೆಯೇ ಹೋದ. ಅಲ್ಲಿಂದ ಬಂದ ಪತ್ರವನ್ನು ನಾನೇ ತಂಗಿಗೆ ಓದಿ ಹೇಳಿದೆ. ಆ ಹೆಂಗಸು ಸೀರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡಳಂತೆ. ಉಡುವ ಬಗೆ ತಿಳಿಯದೆ ಹೆಗಲ ಮೇಲೆ ಹೊದ್ದು, ಅವನನ್ನು ಸಮಾಧಿಯವರೆಗೆ ಕರೆದೊಯ್ದಳಂತೆ. ಅಲ್ಲಿ ಹೂವಿನ ಗಿಡ ನೆಟ್ಟವಳೂ ಅವಳೇ. ಪತ್ರದ ಕೊನೆಗೆ ಒಂದು ಸಾಲಿತ್ತು: ವಿಮಾನ ಹೇಳಿದ ಹೊತ್ತಿಗೆ ಹೊರಟು, ಎರಡೂವರೆ ತಾಸಿನಲ್ಲಿ ಮುಟ್ಟಿಸಿತು.

“ಅಷ್ಟೇ ಏನು?” ಎಂದಳು ತಂಗಿ.

“ಅಷ್ಟೇ.”

ಎದ್ದು ಒಳಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಆದರೂ ಊದುಗೊಳವೆಯ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಮುಂದೆ ತಾನು ಇರುವವರೆಗೂ ಅವಳು ಆ ದಾರಿಯ ದೂರವನ್ನಾಗಲಿ ತಾಸನ್ನಾಗಲಿ ಯಾರ ಮುಂದೆಯೂ ಆಡಲಿಲ್ಲ. ಭೂಪಟವನ್ನು ನಾನು ಶಾಲೆಗೆ ಹಿಂದಿರುಗಿಸಿದೆ.

ಹಳ್ಳದ ನೀರಿನಲ್ಲಿ ಇಳಿದು ನೋಡಿದ ಆ ಚಾಲಕನಿಗೆ, ಬುಟ್ಟಿಯ ರೊಟ್ಟಿ ಹಂಚಿದ ತಾಯಿಗೆ ಶಿವನು ಒಳಿತನ್ನು ಮಾಡಲಿ. ಪಾಳಿ ಮುಗಿದರೂ ಕುರ್ಚಿ ಬಿಡದ ಆ ಹಿರಿಯರ ಮನೆಯಲ್ಲಿ ಸದಾ ದೀಪ ಉರಿಯಲಿ. ತಮ್ಮ ಮಗನ ದುಃಖ ನುಂಗಿ ನಮ್ಮ ಮಾತಿಗೆ ಕಾದ ಬೀಗರಿಗೆ, ಪರದೇಶದ ಮಣ್ಣಿನಲ್ಲಿ ಒಬ್ಬನೇ ನಿಂತು ವಿಧಿ ನಡೆಸಿದ ಅಳಿಯನಿಗೆ, ತಡವಾಗಿ ಮುಟ್ಟಿದ ತಮ್ಮನಿಗೆ ಮನಸ್ಸಿನ ಶಾಂತಿ ದೊರೆಯಲಿ. ಹೆಸರು ಕೇಳದೆಯೇ ನಾವು ಮಗಳನ್ನು ಒಪ್ಪಿಸಿದ ಆ ಹೆಣ್ಣುಮಗಳಿಗೆ, ಅವಳ ಹೊಟ್ಟೆಯಲ್ಲಿ ಹುಟ್ಟಿದವರಿಗೆ, ತವರಿನ ಬಾಗಿಲು ಎಂದೂ ಮುಚ್ಚದಿರಲಿ. ಹೋದ ತಾಯಿ ಮಗಳಿಬ್ಬರೂ ಲಿಂಗದ ಬೆಳಕಿನಲ್ಲಿ, ದೂರವೂ ಹೊತ್ತೂ ಇಲ್ಲದ ಕಡೆ, ಒಬ್ಬರ ಮುಖ ಒಬ್ಬರು ನೋಡುತ್ತಿರಲಿ.